ಆಟೋಪೈಲಟ್ ಹಾಕಿ ಮಲಗಬಹುದಾ?

ಪ್ರಶ್ನೆ: ರಸ್ತೆಯ ಹಾಗೆ ಸಮುದ್ರದಲ್ಲಿ ಗುಂಡಿ, ಸಿಗ್ನಲ್ ಏನೂ ಇಲ್ಲ. ಆಟೋಪೈಲಟ್ ಬಂದು ನೂರು ವರ್ಷವಾಯಿತು ಅಂತಾರೆ. ಆದರೂ ತಾನಾಗಿಯೇ ಓಡುವ ದೋಣಿ ಯಾಕೆ ಇಷ್ಟು ಕಷ್ಟ? ಚಿಕ್ಕ ದೋಣಿಯಲ್ಲಿ ಆಟೋಪೈಲಟ್ ಹಾಕಿ ರಾತ್ರಿ ಮಲಗಬಹುದಾ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಕಾವಲಿಗೆ ಇನ್ನೊಬ್ಬರು ಇಲ್ಲದಿದ್ದರೆ ಖಂಡಿತ ಮಲಗಬೇಡಿ.

ಆಟೋಪೈಲಟ್ ನೀವು ಕೊಟ್ಟ ದಿಕ್ಕನ್ನು ಹಿಡಿದಿಡುತ್ತದೆ, ಅಷ್ಟೇ. ಮುಂದೆ ಬಂಡೆ ಇದೆಯಾ, ಮೀನುಗಾರರ ಬಲೆ ಇದೆಯಾ, ಅದು ನೋಡುವುದಿಲ್ಲ. ದಿಕ್ಕು ಸರಿಯಿದ್ದರೂ ಪ್ರವಾಹ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಜಿಪಿಎಸ್ ಜೋಡಿಸಿದರೆ ಅದನ್ನೂ ತಿದ್ದಿಕೊಳ್ಳುತ್ತದೆ ನಿಜ, ಆದರೆ ಆಗ ಜಿಪಿಎಸ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತದೆ.

1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಉಪಕರಣ ನಿಲ್ಲಲಿಲ್ಲ, ವೇಗ ಮತ್ತು ದಿಕ್ಕು ಲೆಕ್ಕ ಹಾಕಿ ಅಂದಾಜಿನ ಜಾಗವನ್ನೇ ತೋರಿಸುತ್ತಾ ಹೋಯಿತು, ಆಟೋಪೈಲಟ್ ಅದನ್ನೇ ಹಿಡಿದು ಸಾಗಿತು, ಗಾಳಿ ಮತ್ತು ಪ್ರವಾಹ ತಳ್ಳಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಮೂವತ್ತು ಗಂಟೆಗೂ ಹೆಚ್ಚು ಕಾಲ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಅಮೆರಿಕದ ನ್ಯಾಂಟುಕೆಟ್ ದ್ವೀಪದ ಬಳಿ ಮರಳದಿಬ್ಬ ಹತ್ತಿ ನಿಂತಾಗ ಹಡಗು ದಾರಿಯಿಂದ ಸುಮಾರು 17 ನಾಟಿಕಲ್ ಮೈಲಿ ಆಚೆ ಇತ್ತು! ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ಅಧಿಕಾರಿಗಳು ಎಚ್ಚರವಾಗಿಯೇ ಇದ್ದರು, ರೇಡಾರ್ ಕೂಡ ಕೆಲಸ ಮಾಡುತ್ತಿತ್ತು ಅನ್ನೋದನ್ನ ಮರೆಯಬೇಡಿ.

ಇನ್ನು ಮನುಷ್ಯರೇ ಇಲ್ಲದ ದೋಣಿ. ಚುಕ್ಕಾಣಿ ತಿರುಗಿಸುವುದು ಇಲ್ಲಿ ದೊಡ್ಡ ಸಮಸ್ಯೆ ಅಲ್ಲ. ಸುತ್ತ ಏನಿದೆ ಅಂತ ತಿಳಿಯುವುದೇ ಕಷ್ಟ. ದೊಡ್ಡ ಹಡಗುಗಳು ಎಐಎಸ್ ಎಂಬ ರೇಡಿಯೋ ಸಾಧನದ ಮೂಲಕ ತಮ್ಮ ಜಾಗ ಹೇಳಿಕೊಳ್ಳುತ್ತವೆ, ಆದರೆ ಎಷ್ಟೋ ಚಿಕ್ಕ ದೋಣಿಗಳಲ್ಲಿ ಅದು ಇರುವುದೇ ಇಲ್ಲ. ಮರದ, ಫೈಬರ್‌ನ ದೋಣಿ ರೇಡಾರ್‌ನಲ್ಲಿ ಮಸುಕು. ಅಲೆ, ಮಳೆಯ ಪ್ರತಿಧ್ವನಿಯಲ್ಲಿ ಕಳೆದೇ ಹೋಗಬಹುದು. ಕ್ಯಾಮೆರಾ ಗಾಜಿನ ಮೇಲೆ ಉಪ್ಪು ಕಟ್ಟುತ್ತದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಪ್ರತಿ ಹಡಗೂ ಸದಾ ಕಣ್ಣು ಮತ್ತು ಕಿವಿಯಿಂದ ಕಾವಲಿರಬೇಕು ಅನ್ನುತ್ತವೆ. ನಾವಿಕರ ವಾಡಿಕೆಯ ಎಚ್ಚರಿಕೆಯನ್ನೂ ಕೇಳುತ್ತವೆ. ಈ ವಾಡಿಕೆಯನ್ನು ಪ್ರೋಗ್ರಾಂನಲ್ಲಿ ಬರೆಯುವುದು ಹೇಗೆ? ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಕಷ್ಟದ್ದು ಇದೇ.

ರಿಪೇರಿಯೂ ಚಿಕ್ಕ ವಿಷಯವಲ್ಲ. ಅಟ್ಲಾಂಟಿಕ್ ದಾಟಲು ಹೊರಟ ಮೇಫ್ಲವರ್ ಎಂಬ ಸ್ವಯಂಚಾಲಿತ ಹಡಗು 2021ರಲ್ಲಿ ಯಂತ್ರ ಕೆಟ್ಟು ವಾಪಸ್ ಬಂತು. 2022ರಲ್ಲಿ ದಾಟಿತು, ಆದರೆ ಮತ್ತೆ ತೊಂದರೆಯಾಗಿ ಮಧ್ಯೆ ಅಝೋರ್ಸ್ ದ್ವೀಪಗಳಿಗೆ, ಆಮೇಲೆ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ತಿರುಗಬೇಕಾಯಿತು. ಒಂದು ಭಾಗ ಸಡಿಲವಾದರೆ ಬಿಗಿ ಮಾಡಲು ಒಳಗೆ ಯಾರೂ ಇಲ್ಲ ಅಲ್ವಾ? ಅದೇ 2021ರಲ್ಲಿ ಸೇಲ್‌ಡ್ರೋನ್ ಎಂಬ ಗಾಳಿಯಲ್ಲಿ ಓಡುವ ಪುಟ್ಟ ದೋಣಿ ಸ್ಯಾಮ್ ಚಂಡಮಾರುತದ ಒಳಗೇ ಹೋಗಿ ಉಳಿದು ವಿಡಿಯೋ ಕಳಿಸಿತು. ಚಲಿಸುವ ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು.

ನಿಮ್ಮ ದೋಣಿಗೆ ಬರೋಣ. ಕಾವಲಿಗೆ ಸರದಿ ಮಾಡಿಕೊಳ್ಳಿ. ಆಟೋಪೈಲಟ್‌ನ ದಿಕ್ಸೂಚಿ ಹತ್ತಿರ ಸ್ಪೀಕರ್, ಕಬ್ಬಿಣ ಇಡಬೇಡಿ. ಹಿಂದಿನಿಂದ ದೊಡ್ಡ ಅಲೆ ಬರುತ್ತಿದ್ದರೆ ಚುಕ್ಕಾಣಿ ಕೈಗೆ ತಗೊಳ್ಳಿ, ಅಲೆ ದೋಣಿಯನ್ನು ತಿರುಗಿಸಿದ ಮೇಲೆ ಯಂತ್ರ ತಿದ್ದುವಷ್ಟರಲ್ಲಿ ತಡವಾಗಿರುತ್ತದೆ. ಜಿಪಿಎಸ್ ತೋರಿಸುವ ಜಾಗವನ್ನು ಆಗಾಗ ನೀರಿನ ಆಳದ ಜೊತೆ, ಕಾಣುವ ದೀಪಸ್ತಂಭದ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಮೊದಲು ವೇಗ ತಗ್ಗಿಸಿ, ಕಾರಣ ಆಮೇಲೆ ಹುಡುಕಿ.