ಕಣ್ಣಿಗೆ ಸಿಗದ ಕಣ ಇತ್ತೆಂದು ಹೇಗೆ ಹೇಳುತ್ತಾರೆ?

ಯಾವ ಶೋಧಕಕ್ಕೂ ಸಿಗದಷ್ಟು ಬೇಗ ಒಡೆದುಹೋಗುವ ರೆಸೊನೆನ್ಸ್ ಕಣ ನಿಜವಾಗಿಯೂ ಇತ್ತೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂದು ಕೇಳಿದ್ದೀರಿ. ಕೋಲಾರದಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಬಹಳ ಪ್ರಿಯವಾದ ಪ್ರಶ್ನೆಯಿದು.

ಸುಮಾರು 1968 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಶಕ್ತಿಯ ಮಾನ) ದ್ರವ್ಯರಾಶಿಯ ಡಿ-ಎಸ್ ಮೆಸಾನ್ ಎಂಬ ಕಣವನ್ನೇ ತೆಗೆದುಕೊಳ್ಳಿ. ಅದು ಕೆಲವೊಮ್ಮೆ ಎರಡು ಕೆಯಾನ್ ಮತ್ತು ಒಂದು ಪಯಾನ್ ಎಂಬ ಹೆಚ್ಚು ಹಗುರವಾದ ಮೆಸಾನ್‌ಗಳಾಗಿ ಒಡೆಯುತ್ತದೆ. ಶೋಧಕಕ್ಕೆ ಸಿಗುವುದು ಈ ಮೂರು ಮಾತ್ರ. ಅವುಗಳ ಶಕ್ತಿ ಮತ್ತು ಸಂವೇಗದಿಂದ ಎರಡು ಜೋಡಿಗಳ ದ್ರವ್ಯರಾಶಿಯನ್ನು ಲೆಕ್ಕಹಾಕಿ, ಅವುಗಳ ವರ್ಗಗಳನ್ನು ಎರಡು ಅಕ್ಷಗಳಲ್ಲಿಟ್ಟು, ಒಂದೊಂದು ಘಟನೆಗೆ ಒಂದೊಂದು ಚುಕ್ಕೆ ಹಾಕುತ್ತಾರೆ. 1953ರಲ್ಲಿ ರಿಚರ್ಡ್ ಡಾಲಿಟ್ಜ್ ಕೆಯಾನ್‌ಗಳ ಅಧ್ಯಯನಕ್ಕೆಂದು ಹಾಕಿಕೊಟ್ಟ ಕ್ರಮವಿದು. ಮೆಸಾನ್ ನೇರವಾಗಿ ಮೂರಾಗಿ ಒಡೆಯುವುದಷ್ಟೇ ಆಗಿದ್ದರೆ ಚುಕ್ಕೆಗಳು ನಮ್ಮ ಕಡೆಯ ಚೆಲ್ಲು ಬಿತ್ತನೆಯ ರಾಗಿಯಂತೆ ಎಲ್ಲೆಡೆ ಸಮನಾಗಿ ಹರಡಬೇಕಿತ್ತು. ಮೊದಲು ನಡುವೆ ಒಂದು ಕಣ ಹುಟ್ಟಿ ಅದು ಜೋಡಿಯಾಗಿ ಒಡೆದಿದ್ದರೆ, ಆ ಜೋಡಿಯ ದ್ರವ್ಯರಾಶಿ ಪ್ರತಿ ಸಲವೂ ಆ ಕಣದ ದ್ರವ್ಯರಾಶಿಯ ಸುತ್ತಲೇ ಬಂದು ಚುಕ್ಕೆಗಳು ಸಾಲುಗಟ್ಟಬೇಕು. ನಿಜಕ್ಕೂ ಕಾಣುವುದು ಕೂರಿಗೆ ಹೊಡೆದಂಥ ಸಾಲುಗಳೇ: ಕೆಯಾನ್ ಜೋಡಿಯಲ್ಲಿ 1020ರ ಬಳಿ ಫೈ ಕಣದ ತೆಳುವಾದ ಸಾಲು, ಕೆಯಾನ್-ಪಯಾನ್ ಜೋಡಿಯಲ್ಲಿ 890ರ ಆಸುಪಾಸು ಕೆ-ಸ್ಟಾರ್ ಕಣದ ಅಗಲವಾದ ಸಾಲು. ಈ ಅಗಲವೇ ಆಯಸ್ಸಿನ ಅಳತೆ: ಸಾಲು ಅಗಲವಾದಷ್ಟೂ ಬಾಳು ಚಿಕ್ಕದು. ಕೆ-ಸ್ಟಾರ್‌ನ ಅಗಲ ಸುಮಾರು 50 ಮೆಗಾ ಎಲೆಕ್ಟ್ರಾನ್ ವೋಲ್ಟ್; ಅನಿಶ್ಚಿತತೆಯ ನಿಯಮದಂತೆ ಅದರ ಬಾಳು ಸುಮಾರು 1.3×10⁻²³ ಸೆಕೆಂಡ್, ಅಷ್ಟರಲ್ಲಿ ಬೆಳಕು ಕೂಡ ಸಾಗುವುದು 4 ಫೆಮ್ಟೊಮೀಟರ್ ಮಾತ್ರ.

ಇನ್ನೂ ಹತ್ತಿರದಿಂದ ನೋಡಿ: ಪ್ರತಿ ಸಾಲಿನ ಎರಡೂ ತುದಿಗಳಲ್ಲಿ ಚುಕ್ಕೆಗಳು ದಟ್ಟವಾಗಿದ್ದು, ನಡುವೆ ವಿರಳವಾಗಿರುತ್ತವೆ. ತಾಯಿ ಮೆಸಾನಿಗೂ ಕೊನೆಯ ಮೂರು ಕಣಗಳಿಗೂ ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಸೊನ್ನೆಯಾದ್ದರಿಂದ, ನಡುವಿನ ಕಣದ ಸ್ಪಿನ್ 1 ಎಂಬುದನ್ನು ಈ ಬರಿದಾದ ನಡುಭಾಗವೇ ಹೇಳಿಬಿಡುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗಲೆಲ್ಲ ನನಗೆ ಹೊಸದಾಗಿ ಕಂಡಷ್ಟೇ ಸಂತೋಷವಾಗುತ್ತದೆ.

ಆದರೆ ಚುಕ್ಕೆಗಳ ಎಣಿಕೆಯಲ್ಲಿ ಉಬ್ಬು ಕಂಡಲ್ಲೆಲ್ಲ ಕಣವಿದೆ, ಕಾಣದಿದ್ದರೆ ಇಲ್ಲ ಎಂದು ತೀರ್ಮಾನಿಸಬೇಡಿ. ಒಂದೇ ಕೊನೆಯನ್ನು ತಲುಪುವ ಬೇರೆ ಬೇರೆ ಹಾದಿಗಳ ಆಂಪ್ಲಿಟ್ಯೂಡ್‌ಗಳು (ವರ್ಗ ಮಾಡಿದರೆ ಸಂಭವನೀಯತೆ ಕೊಡುವ ಸಂಖ್ಯೆಗಳು) ಸಂಕೀರ್ಣ ಸಂಖ್ಯೆಗಳು; ಅವಕ್ಕೆ ಗಾತ್ರದ ಜೊತೆಗೆ ಫೇಸ್ ಎಂಬ ಕೋನವೂ ಇರುತ್ತದೆ. ಅವನ್ನು ಮೊದಲು ಕೂಡಿಸಿ ಆಮೇಲೆ ವರ್ಗ ಮಾಡಬೇಕಾದ್ದರಿಂದ, ಸಾಲುಗಳು ಒಂದರ ಮೇಲೊಂದು ಬರುವಲ್ಲಿ ಚುಕ್ಕೆಗಳು ಹೆಚ್ಚಲೂಬಹುದು, ಅಳಿಯಲೂಬಹುದು. ಎರಡು ಪಯಾನ್‌ಗಳಾಗಿ ಒಡೆಯುವ ಸಿಗ್ಮಾ ಎಂಬ ಕಣದ ಅಗಲವಂತೂ ನೂರಾರು ಮೆಗಾ ಎಲೆಕ್ಟ್ರಾನ್ ವೋಲ್ಟ್. ಅದು ಪ್ರತ್ಯೇಕ ಸಾಲಾಗಿ ನಿಲ್ಲುವುದೇ ಇಲ್ಲ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಇ791 ತಂಡ 2001ರಲ್ಲಿ ಡಿ ಮೆಸಾನ್ ಮೂರು ಪಯಾನ್‌ಗಳಾಗುವ ಘಟನೆಗಳಲ್ಲಿ ಅದಕ್ಕೆ ಸಾಕ್ಷ್ಯ ಕಂಡದ್ದು ಇಡೀ ನಕ್ಷೆಗೆ ಒಟ್ಟಾಗಿ ಮಾದರಿಯನ್ನು ಹೊಂದಿಸಿ ನೋಡಿದ ಮೇಲೆಯೇ. ಹಾಗಾಗಿ ಇಂಥ ಪ್ರಬಂಧವನ್ನು ಓದುವಾಗ ಉಬ್ಬಿನ ಚಿತ್ರಕ್ಕಿಂತ ಮೊದಲು, ಫೇಸ್ ಹೇಗೆ ಬದಲಾಗುತ್ತದೆಂದು ಲೇಖಕರು ತೋರಿಸಿದ್ದಾರೆಯೇ ಎಂಬುದನ್ನು ನೋಡಿ.