ಫೌಂಡ್ರಿಯಲ್ಲಿರುವ ಅಪಾಯಗಳನ್ನು ಗುರುತಿಸಿ ವಿಂಗಡಿಸುವುದು ಹೇಗೆ?

ನೀವು ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ, ಅಂದರೆ ಫೌಂಡ್ರಿಯೊಂದರ ಸುರಕ್ಷತಾ ವಿಭಾಗಕ್ಕೆ ಟ್ರೇನಿಯಾಗಿ ಸೇರಿದ್ದೀರಿ. ಕಾರ್ಖಾನೆಯ ಅಪಾಯಗಳನ್ನೆಲ್ಲ ವರ್ಗವಾರು ಪಟ್ಟಿ ಮಾಡಿ ಕೊಡಲು ಹೇಳಿದ್ದಾರೆ. ಭೌತಿಕ, ರಾಸಾಯನಿಕ, ಯಾಂತ್ರಿಕ, ವಿದ್ಯುತ್ ಎಂಬ ಹೆಸರುಗಳು ಬಾಯಿಪಾಠ ಇವೆ, ಆದರೆ ಶೆಡ್ಡಿನೊಳಗೆ ನಿಂತಾಗ ಯಾವುದನ್ನು ಎಲ್ಲಿ ಬರೆಯಬೇಕೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ.

ನಾನು ಇದೇ ಊರಿನ ಫೌಂಡ್ರಿಗಳಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವನು. ಮೊದಲು ಅಚ್ಚು ಮಾಡುವ ಮೋಲ್ಡಿಂಗ್, ಆಮೇಲೆ ಲೋಹ ಕರಗಿಸುವ ಮೆಲ್ಟಿಂಗ್, ಕೊನೆಯ ಒಂಬತ್ತು ವರ್ಷ ಸುರಕ್ಷತೆಯ ಕೆಲಸ. ಒಂದು ವಸ್ತುವಿಗೆ ಒಂದೇ ವರ್ಗ ಹುಡುಕಲು ಹೊರಟಾಗಲೇ ನಾನೂ ಎಡವಿದ್ದೆ. ಆ ವಸ್ತು ಯಾವ ಯಾವ ದಾರಿಯಿಂದ ಮನುಷ್ಯನ ಮೈಗೆ ತಗಲುತ್ತದೆ ಎಂದು ಕೇಳಿಕೊಳ್ಳಿ, ಪ್ರತಿಯೊಂದು ದಾರಿಗೂ ಒಂದು ಸಾಲು ಬರೆಯಿರಿ.

ಅಚ್ಚು ಮಾಡುವ ಉಸುಕನ್ನೇ ತೆಗೆದುಕೊಳ್ಳಿ. ನೆಲದ ಮೇಲೆ ಚೆಲ್ಲಿದ್ದರೆ ಕಾಲು ಜಾರುತ್ತದೆ. ಚೀಲದಲ್ಲಿದ್ದರೆ ಎತ್ತುವವನ ಸೊಂಟ ಹಿಡಿಯುತ್ತದೆ. ಅಚ್ಚಿನಲ್ಲಿ ತೇವ ಹೆಚ್ಚಾಗಿದ್ದರೆ ಕಬ್ಬಿಣ ಹೊಯ್ಯುವಾಗ ಆವಿಯಾಗಿ ಸಿಡಿಯುತ್ತದೆ. ಅದರಲ್ಲಿ ಬೆರೆಸಿದ ಕಲ್ಲಿದ್ದಲ ಪುಡಿ ಬಿಸಿಗೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾಕ್‌ಔಟ್‌ನಲ್ಲಿ ಅಚ್ಚು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೇ ಉಸುಕು, ಐದು ಸಾಲು. ‘ಉಸುಕು: ಭೌತಿಕ ಅಪಾಯ’ ಎಂದು ಒಂದೇ ಸಾಲು ಬರೆದು ಮುಗಿಸಿದರೆ ಉಳಿದ ನಾಲ್ಕು ದಾರಿಗಳನ್ನು ಯಾರೂ ಕಾಯುವುದಿಲ್ಲ.

ಹೊಸಬರ ಪಟ್ಟಿಗಳಲ್ಲಿ ಇನ್ನೊಂದು ಗೊಂದಲ ನೋಡುತ್ತೇನೆ. ‘ಬೀಳುವುದು’, ‘ಸುಟ್ಟಗಾಯ’, ‘ಹೆಲ್ಮೆಟ್ ಧರಿಸದಿರುವುದು’, ‘ಕಾರ್ಮಿಕರ ಅಜಾಗರೂಕತೆ’ ಎಲ್ಲವೂ ಅಪಾಯ ಎಂಬ ಕಾಲಂನಲ್ಲೇ ಬಂದು ಕೂತಿರುತ್ತವೆ. ಕ್ರೇನಿನಲ್ಲಿ ಅರ್ಧ ಟನ್ನಿನ ಅಚ್ಚಿನ ಪೆಟ್ಟಿಗೆ ತೂಗುತ್ತಿದೆ ಎನ್ನಿ. ಆ ಎತ್ತರದಲ್ಲಿರುವ ಭಾರವೇ ಅಪಾಯ. ಸವೆದ ಸರಪಳಿ ಅದನ್ನು ಕೆಳಗೆ ಬೀಳಿಸುವ ಕಾರಣ, ಜಜ್ಜಿದ ಪಾದ ಅದರ ಪರಿಣಾಮ, ಕಾಲಲ್ಲಿ ಇಲ್ಲದ ಸುರಕ್ಷತಾ ಬೂಟು ನಾವು ಒದಗಿಸದ ತಡೆ. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ 1960ರ ದಶಕದಲ್ಲೇ ಗಾಯಗಳನ್ನು ಹೀಗೆ ನೋಡಲು ಕಲಿಸಿದರು: ಮೈ ತಾಳಲಾರದಷ್ಟು ಶಕ್ತಿ ಮೈಗೆ ಬಂದು ತಾಗಿದಾಗಲೇ ಗಾಯ. ಹಾಗಾಗಿ ಶೆಡ್ಡಿನಲ್ಲಿ ನಿಂತು ಶಕ್ತಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ. ತೂಗುವ ಭಾರ, ತಿರುಗುವ ಚಕ್ರ, ಒತ್ತಡದ ಗಾಳಿ, ಫರ್ನೇಸಿನ ಕಾಯಿಲ್‌ನ ವಿದ್ಯುತ್, ಕರಗಿದ ಲೋಹ. ‘ಅಜಾಗರೂಕತೆ’ ಎಂಬ ಪದವನ್ನು ಮಾತ್ರ ದಯವಿಟ್ಟು ಪಟ್ಟಿಗೆ ಸೇರಿಸಬೇಡಿ. ಅದನ್ನು ಬರೆದ ಕೂಡಲೇ ಎಲ್ಲರೂ ಹುಡುಕುವುದನ್ನು ನಿಲ್ಲಿಸುತ್ತಾರೆ.

ಇದನ್ನು ನಾನು ಕಲಿತದ್ದು ಒಂದು ಮಳೆಗಾಲದಲ್ಲಿ. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತೇ ಇದೆ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಸ್ಕ್ರ್ಯಾಪ್ ರಾಶಿ ಬಯಲಲ್ಲೇ ಬಿದ್ದಿರುತ್ತಿತ್ತು. ಫರ್ನೇಸಿನಲ್ಲಿ ಅರ್ಧ ಲೋಹ ಕರಗಿತ್ತು, ಅದರ ಮೇಲೆ ಎರಡನೆಯ ಸಲ ಸ್ಕ್ರ್ಯಾಪ್ ಹಾಕಿದರು. ಒಂದು ಪೈಪಿನ ತುಂಡಿನ ಒಳಗೆ ನೀರು ನಿಂತಿತ್ತು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ‘ಧಡ್’ ಎಂಬ ಸದ್ದು ಕೇಳಿ ತಿರುಗುವಷ್ಟರಲ್ಲಿ ಕೆಂಪು ಹನಿಗಳು ಛಾವಣಿ ಮುಟ್ಟಿ ವಾಪಸು ಬೀಳುತ್ತಿದ್ದವು. ನನ್ನ ಜೊತೆಗಾರನ ಕುತ್ತಿಗೆ ಮತ್ತು ಮುಂಗೈ ಸುಟ್ಟವು. ಅಂಗಿಯ ಕಾಲರಿನೊಳಗೆ ಇಳಿದ ಒಂದೇ ಒಂದು ಹನಿ ಬೆನ್ನಿನುದ್ದಕ್ಕೂ ಗೆರೆ ಎಳೆದಿತ್ತು. ಆ ಗೆರೆ ಇನ್ನೂ ಇದೆ.

ಮರುದಿನ ನಮ್ಮ ಪಟ್ಟಿ ತೆಗೆದು ನೋಡಿದೆ. ‘ಬಿಸಿ ಲೋಹ, ಉಷ್ಣ ಅಪಾಯ, ಕೈಗವಸು ಮತ್ತು ಏಪ್ರನ್’ ಎಂದಿತ್ತು. ನೀರು ಎಂಬ ಪದವೇ ಎಲ್ಲೂ ಇರಲಿಲ್ಲ. ಅಪಾಯ ಫರ್ನೇಸಿನ ಬಾಯಲ್ಲಿ ಹುಟ್ಟಿರಲಿಲ್ಲ, ಲಾರಿ ಸ್ಕ್ರ್ಯಾಪ್ ಇಳಿಸಿದ ಬಯಲಿನಲ್ಲೇ ಹುಟ್ಟಿತ್ತು. ಆದ್ದರಿಂದ ನಿಮ್ಮ ಪಟ್ಟಿಯನ್ನು ಗೇಟಿನಿಂದ ಶುರುಮಾಡಿ, ಲೋಹದ ಜೊತೆಯಲ್ಲೇ ನಡೆಯುತ್ತ ಹೋಗಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ನಡೆಯಿರಿ.

ವರ್ಗದ ಕಾಲಂ ಪಕ್ಕದಲ್ಲಿ ‘ಎಷ್ಟು ಬೇಗ?’ ಎಂಬ ಕಾಲಂ ಒಂದನ್ನು ಸೇರಿಸಿ. ಕ್ಷಣದಲ್ಲಿ ಹೊಡೆಯುವ ಅಪಾಯ ಎಲ್ಲರ ಕಣ್ಣಿಗೂ ಬೀಳುತ್ತದೆ, ವರ್ಷಗಟ್ಟಲೆ ತಿನ್ನುವುದು ಬೀಳುವುದಿಲ್ಲ. ಬೆಳಿಗ್ಗೆ ಶೀಟಿನ ತೂತಿನಿಂದ ಬಿಸಿಲಿನ ಕೋಲು ಬಿದ್ದಾಗ ಧೂಳು ಕುಣಿಯುವುದು ಕಾಣುತ್ತದಲ್ಲ, ಅದಕ್ಕಿಂತಲೂ ಕಣ್ಣಿಗೆ ಕಾಣದ, 10 ಮೈಕ್ರಾನಿಗಿಂತ ಸಣ್ಣ ಕಣಗಳೇ ಕೆಟ್ಟವು. ಅವು ಶ್ವಾಸಕೋಶದ ತಳದವರೆಗೆ ಹೋಗಿ ಕೂರುತ್ತವೆ. ಉಸುಕಿನಲ್ಲಿರುವ ಸಿಲಿಕಾದ ಆ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ವಾಸಿಯಾಗುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸೇರಿಸಿದ್ದರು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಕಣಗಳನ್ನು ತಡೆಯುವುದಿಲ್ಲ. ಎರಕದ ಅಂಚುಗಳನ್ನು ಉಜ್ಜಿ ಒಪ್ಪ ಮಾಡುವ ಫೆಟ್ಲಿಂಗ್ ವಿಭಾಗದ ಸದ್ದೂ ಹೀಗೆಯೇ. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಎಂಬ ಮಿತಿಯನ್ನು ಗ್ರೈಂಡರುಗಳು ಸುಲಭವಾಗಿ ದಾಟುತ್ತವೆ. ಕಿವಿ ಹೋಗುವಾಗ ನೋವಾಗುವುದಿಲ್ಲ.

ಅಪಾಯವೆಷ್ಟು ದೊಡ್ಡದು, ಆಗುವ ಸಂಭವವೆಷ್ಟು ಎಂದು ಅಂಕ ಹಾಕುವ ಕೋಷ್ಟಕ ನಿಮ್ಮ ಕಚೇರಿಯಲ್ಲೇ ಸಿಗುತ್ತದೆ. ಒಂದು ಎಚ್ಚರ ಇರಲಿ: ‘ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ’ ಎಂಬ ಮಾತು ಕೇಳಿ ಸಂಭವಕ್ಕೆ ಕಡಿಮೆ ಅಂಕ ಕೊಡಬೇಡಿ. ನನ್ನ ಜೊತೆಗಾರನಿಗೂ ಅಂದಿನವರೆಗೆ ಏನೂ ಆಗಿರಲಿಲ್ಲ. ಪರಿಹಾರ ಬರೆಯುವಾಗ ಮಾಸ್ಕ್ ಕೊನೆಯಲ್ಲಿ ಬರಲಿ, ಧೂಳು ಹುಟ್ಟುವಲ್ಲೇ ಹೀರುವ ಯಂತ್ರ ಮೊದಲು ಬರಲಿ. ಧೂಳಿಗೆ ನೀರು ಚಿಮುಕಿಸಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ಆ ಜಾಗಕ್ಕೆ ಕರಗಿದ ಲೋಹ ಬರುತ್ತದೆಯೇ ಎಂದು ನೋಡಿಕೊಳ್ಳಿ.

ಕೊನೆಯದಾಗಿ, ಪಾಳಿಯ ಸಮಯದಲ್ಲಿ ನಿಮಗೆ ಕಾಣಸಿಗದ ಕೆಲಸವೊಂದಿದೆ. ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಫರ್ನೇಸಿನ ಒಳಗೋಡೆಯನ್ನು, ಅಂದರೆ ಲೈನಿಂಗನ್ನು, ಸಾಮಾನ್ಯವಾಗಿ ಸಿಲಿಕಾ ಪುಡಿಯಿಂದಲೇ ಕಟ್ಟುತ್ತಾರೆ. ಹಳೆಯ ಲೈನಿಂಗ್ ಒಡೆದು ತೆಗೆಯುವವರು ಇಕ್ಕಟ್ಟಾದ ಜಾಗದಲ್ಲಿ ಬಗ್ಗಿ, ಆ ಧೂಳಿನ ನಡುವೆಯೇ ಗಂಟೆಗಟ್ಟಲೆ ಇರುತ್ತಾರೆ. ನಾನು ಕಂಡ ಕಡೆಗಳಲ್ಲೆಲ್ಲ ಅವರು ಗುತ್ತಿಗೆಯವರು, ಕೆಲಸ ನಡೆಯುತ್ತಿದ್ದದ್ದು ವಾರದ ರಜೆಯ ದಿನ. ಸುರಕ್ಷತಾ ವಿಭಾಗದವರು ಅಂದು ಮನೆಯಲ್ಲಿರುತ್ತಿದ್ದರು, ನಾನೂ ಬಹಳ ವರ್ಷ ಮನೆಯಲ್ಲೇ ಇದ್ದೆ. ಮುಂದಿನ ಲೈನಿಂಗ್ ಯಾವ ದಿನ ಎಂದು ಮೆಲ್ಟಿಂಗ್ ಸೂಪರ್‌ವೈಸರ್ ಅವರನ್ನು ಇವತ್ತೇ ಕೇಳಿ. ಆ ದಿನ ಬೆಳಿಗ್ಗೆ, ಗುತ್ತಿಗೆಯವರು ಸುತ್ತಿಗೆ ಎತ್ತುವ ಮೊದಲೇ ನೀವು ಅಲ್ಲಿರಿ.