ಜರ್ಮನಿಗೆ ಹೊರಟಿರೋ ತಂಗಿಗೆ: ಚರ್ಚು, ಟ್ಯಾಕ್ಸು, ಕಾಫಿ ಕಪ್ಪು

ತಂಗಿ, ನಿನ್ನ ಮೆಸೇಜ್ ನೋಡ್ದೆ. ಕೋಲಾರದಲ್ಲಿ ನರ್ಸಿಂಗ್ ಮುಗಿಸಿ ಜರ್ಮನ್ ಪರೀಕ್ಷೆನೂ ಪಾಸ್ ಮಾಡಿ ಸ್ಟುಟ್‌ಗಾರ್ಟ್ ಕಡೆ ಆಸ್ಪತ್ರೆಗೆ ಹೊರಟಿದೀಯ, ಖುಷಿ ಆಯ್ತು. ನೀನು ಕೇಳಿರೋದು ಮೂರು: ಅಲ್ಲಿ ಕನ್ನಡ ಚರ್ಚ್ ಇದೆಯಾ, ಅಲ್ಲಿಗೆ ಹೋದ ತಕ್ಷಣ ತುಂಬೋ ಫಾರಂನಲ್ಲಿ ಧರ್ಮ ಅಂತ ಒಂದು ಕಾಲಂ ಇದೆಯಂತಲ್ಲ ಅದರಲ್ಲಿ ಏನ್ ಬರೀಬೇಕು, ಆಮೇಲೆ "ಅಲ್ಲಿಗೆ ಹೋದೋರೆಲ್ಲ ನಂಬಿಕೆ ಬಿಟ್ಟುಬಿಡ್ತಾರೆ ಅಂತ ಅಮ್ಮ ಹೆದರ್ತಿದಾರೆ, ನಿಜಾನಾ ಅಕ್ಕ" ಅಂತ.

ಫಾರಂ ವಿಷಯ ಮೊದಲು ಹೇಳಿಬಿಡ್ತೀನಿ, ಅದ್ರಲ್ಲಿ ದುಡ್ಡಿನ ಮಾತಿದೆ. ಮನೆಗೆ ಸೇರ್ಕೊಂಡು 2 ವಾರದೊಳಗೆ ಊರಿನ ಆಫೀಸಲ್ಲಿ ವಿಳಾಸ ನೋಂದಾಯಿಸ್ಬೇಕು, ಅದಕ್ಕೆ ಆನ್ಮೆಲ್ಡುಂಗ್ ಅಂತಾರೆ. ಅಲ್ಲಿ ನೀನು ಕ್ಯಾಥೊಲಿಕ್ ಅಂತಲೋ ಎವಾಂಗೆಲಿಶ್ (ಅಂದ್ರೆ ಪ್ರಾಟೆಸ್ಟೆಂಟ್) ಅಂತಲೋ ಬರೆದ್ರೆ ಸಂಬಳದಲ್ಲೇ ಚರ್ಚ್ ಟ್ಯಾಕ್ಸ್ ಕಟ್ ಆಗುತ್ತೆ, ಕಿರ್ಖೆನ್‌ಸ್ಟೊಯರ್ ಅಂತ ಸ್ಯಾಲರಿ ಸ್ಲಿಪ್ಪಲ್ಲಿ ಬೇರೆ ಸಾಲೇ ಇರುತ್ತೆ. ನೀನು ಹೋಗ್ತಿರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲೂ ಪಕ್ಕದ ಬವೇರಿಯಾದಲ್ಲೂ ಅದು 8%, ಬೇರೆ ಕಡೆ 9%. ಆದ್ರೆ ಹೆದರ್ಬೇಡ, ಇದು ಸಂಬಳದ 8% ಅಲ್ಲ, ಇನ್‌ಕಮ್ ಟ್ಯಾಕ್ಸಿನ 8%. ತಿಂಗಳಿಗೆ 300 ಯೂರೋ ಇನ್‌ಕಮ್ ಟ್ಯಾಕ್ಸ್ ಹೋದ್ರೆ ಚರ್ಚಿಗೆ 24 ಯೂರೋ, ಅಷ್ಟೇ. ವಾಟ್ಸಾಪಲ್ಲಿ ಯಾರೋ "ಹತ್ತರಲ್ಲಿ ಒಂದು ಪಾಲು ಗವರ್ಮೆಂಟೇ ಕಿತ್ಕೊಳ್ಳುತ್ತೆ" ಅಂತ ಹಾಕಿದ್ರೆ ನಂಬ್ಬೇಡ.

ನೀನು ಮೆಥಡಿಸ್ಟ್ ಸಭೆಯವಳು ಅಂತ ಬರೆದಿದೀಯ. ಅಲ್ಲೂ ಮೆಥಡಿಸ್ಟರಿದಾರೆ, ಸ್ಟುಟ್‌ಗಾರ್ಟ್ ಸುತ್ತಮುತ್ತ ಚೆನ್ನಾಗೇ ಇದಾರೆ, ಆದ್ರೆ ಅವರದು ಈ ಟ್ಯಾಕ್ಸ್ ವ್ಯವಸ್ಥೆಗೆ ಸೇರಿದ್ದಲ್ಲ, ನಮ್ಮ ಕಡೆ ಥರಾನೇ ಕಾಣಿಕೆ ಮೇಲೆ ನಡೆಯೋ ಸಭೆ. ಎವಾಂಗೆಲಿಶ್ ಅಂತ ಬರೆದ್ರೆ ನೀನು ಅಲ್ಲಿನ ದೊಡ್ಡ ಪ್ರಾಟೆಸ್ಟೆಂಟ್ ಸಭೆಯ ಸದಸ್ಯಳು ಅಂತ ಲೆಕ್ಕ ಆಗುತ್ತೆ, ಆಮೇಲೆ ಬೇಡ ಅಂದ್ರೆ ಆಫೀಸಿಗೆ ಹೋಗಿ ಫೀಸ್ ಕಟ್ಟಿ ಹೊರಗೆ ಬರ್ಬೇಕು. ಅದಕ್ಕೆ ಯಾವ ಸಭೆಗೆ ಹೋಗ್ತೀಯ ಅಂತ ಮೊದ್ಲು ಯೋಚನೆ ಮಾಡ್ಕೊಂಡು ನಿಜ ಇದ್ದಂಗೆ ಬರಿ. ನಮ್ಮವರಲ್ಲೇ ಕೆಲವರು ಟ್ಯಾಕ್ಸ್ ಉಳಿಸೋಕೆ "ಧರ್ಮ ಇಲ್ಲ" ಅಂತ ಬರೆದು, ಕ್ರಿಸ್ಮಸ್ ರಾತ್ರಿ ಮುಂದಿನ ಬೆಂಚಲ್ಲಿ ಕೂತು, ಮಗು ಹುಟ್ಟಿದ್ಮೇಲೆ ದೀಕ್ಷಾಸ್ನಾನ ಮಾಡಿಸಿ ಅಂತ ಪಾಸ್ಟರ್ ಮುಂದೆ ನಿಂತ್ಕೊಳ್ತಾರೆ, ನನಗಂತೂ ಅದು ಇಷ್ಟ ಆಗಲ್ಲ. ಮೆಥಡಿಸ್ಟ್ ಸಭೆಗೇ ಹೋಗ್ತೀಯ ಅಂದ್ರೆ ಟ್ಯಾಕ್ಸ್ ಇಲ್ಲ, ಆ 24 ಯೂರೋ ನೀನಾಗೇ ಕಾಣಿಕೆಗೆ ಹಾಕು.

ಈ ಟ್ಯಾಕ್ಸ್ ಬಗ್ಗೆ ನನಗೆ ಒಂದು ವಿಷ್ಯ ಮಾತ್ರ ತುಂಬಾ ಹಿಡಿಸ್ತು. ಯಾರ್ ಎಷ್ಟ್ ಕೊಟ್ರು ಅಂತ ಪಕ್ಕದಲ್ಲಿ ಕೂತೋರಿಗೆ ಗೊತ್ತಾಗಲ್ಲ. ನಮ್ಮೂರ ಸುಗ್ಗಿ ಹಬ್ಬ ನೆನಪು ಮಾಡ್ಕೊ. ಆರಾಧನೆ ಮುಗಿದ ಮೇಲೆ ಚರ್ಚ್ ಕಾಂಪೌಂಡಲ್ಲಿ ಹರಾಜು, ಟೊಮೇಟೊ ಬಾಕ್ಸು, ಕುಂಬಳಕಾಯಿ, ರಾಗಿ, ಕಾಲು ಕಟ್ಟಿದ ನಾಟಿ ಕೋಳಿ, ಮೈಕ್ ಹಿಡ್ಕೊಂಡೋರು "ಐನೂರು ಒಂದ್ಸಾರಿ, ಐನೂರು ಎರಡ್ಸಾರಿ" ಅಂತ ಕೂಗೋದು, ಒಂದೇ ಒಂದು ಮೊಟ್ಟೆ ಸಾವಿರ ರೂಪಾಯಿಗೆ ಹೋಗಿ, ತಗೊಂಡೋರು ಅದನ್ನ ವಾಪಸ್ ಕೊಟ್ಟು ಮತ್ತೆ ಹರಾಜಿಗೆ ಬರೋದು. ನಾನೇನು ಅದನ್ನ ತಪ್ಪು ಅನ್ನಲ್ಲ, ಆ ನಗು, ಆ ಗಲಾಟೆ ನನಗೆ ಈಗಲೂ ಬೇಕು. ಆದ್ರೆ ಅಲ್ಲಿ ಮೊಟ್ಟೆ ಕೊಂಡೋರ ಹೆಸರು ಮೈಕಲ್ಲಿ ಬರುತ್ತೆ, ಬೆಳಿಗ್ಗೆ ಸೆರಗಲ್ಲಿ ನಾಲ್ಕು ಬದನೆಕಾಯಿ ಕಟ್ಕೊಂಡು ಬಂದು ಇಟ್ಟುಹೋದ ಅಜ್ಜಿ ಹೆಸರು ಯಾರೂ ಹೇಳಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳೀಬಾರ್ದು ಅಂತ ಮತ್ತಾಯ 6ರಲ್ಲಿ ಓದ್ತೀವಿ, ಓದಿ ಹೊರಗೆ ಬಂದು ಮೈಕ್ ಆನ್ ಮಾಡ್ತೀವಿ. ಜರ್ಮನಿಯಲ್ಲೂ ಸುಗ್ಗಿ ಹಬ್ಬ ಇದೆ, ಸಾಮಾನ್ಯವಾಗಿ ಅಕ್ಟೋಬರ್ ಮೊದಲ ಭಾನುವಾರ. ಬಲಿಪೀಠದ ಮುಂದೆ ಸೇಬು, ಕುಂಬಳಕಾಯಿ, ದೊಡ್ಡ ಬ್ರೆಡ್ಡು, ಮನೇಲಿ ಮಾಡಿದ ಜಾಮ್ ಬಾಟ್ಲಿ ಜೋಡಿಸಿರ್ತಾರೆ. ನಾನು ಇಲ್ಲಿ ಜರ್ಮನಿಯಲ್ಲಿ ಹೋಗೋ ಸಭೆಯಲ್ಲಿ ಅದೆಲ್ಲ ಆಮೇಲೆ ಟಾಫೆಲ್‌ಗೆ ಹೋಗುತ್ತೆ, ಅಂದ್ರೆ ಕಷ್ಟದಲ್ಲಿರೋರಿಗೆ ದಿನಸಿ ಹಂಚೋ ಜಾಗ. ಹರಾಜಿಲ್ಲ, ನಗೂನೂ ಇಲ್ಲ ಬಿಡು.

ಈಗ ಚರ್ಚ್ ಹೇಗಿರುತ್ತೆ ಅಂತ. ಮಾಮೂಲಿ ಭಾನುವಾರ ಬೆಂಚುಗಳು ಖಾಲಿ, ಇರೋರಲ್ಲಿ ಮುಕ್ಕಾಲು ಪಾಲು ತಲೆ ನೆರೆತೋರು, ಡಿಸೆಂಬರ್ 24ಕ್ಕೆ ಮಾತ್ರ ನಿಲ್ಲೋಕೆ ಜಾಗ ಇರಲ್ಲ. ಇದನ್ನ ನೋಡಿ ನಮ್ಮವರು "ಇಲ್ಲಿ ಸಭೆ ಸತ್ತೋಗಿದೆ, ನಾವೇ ಇವರಿಗೆ ಸುವಾರ್ತೆ ಹೇಳ್ಬೇಕು" ಅಂತ ಶುರು ಹಚ್ಕೊಳ್ತಾರೆ. ಬಂದ ತಿಂಗಳೇ ಹಂಗೆ ಮಾತಾಡೋರ ಹತ್ರ ಸ್ವಲ್ಪ ದೂರ ಇರು. ಸದ್ದಿಲ್ಲ ಅಂದ್ರೆ ನಂಬಿಕೆ ಇಲ್ಲ ಅಂತಲ್ಲ. ವಾರ್ಡಲ್ಲಿ ನೀನೇ ನೋಡ್ತೀಯ, ವಯಸ್ಸಾದ ಪೇಷಂಟ್‌ಗಳ ಮಂಚದ ಪಕ್ಕ ಕೆಲವೊಮ್ಮೆ ಒಂದು ಸಣ್ಣ ನೀಲಿ ಪುಸ್ತಕ ಇರುತ್ತೆ, ಲೋಜುಂಗೆನ್ ಅಂತ. ಹೆರ್ನ್‌ಹುಟ್ ಅನ್ನೋ ಊರಿನ ಸಭೆಯವರು 1731ರಿಂದ ಪ್ರತಿ ವರ್ಷ ಪ್ರಿಂಟ್ ಮಾಡ್ತಿದಾರೆ, ದಿನಕ್ಕೆ ಹಳೆ ಒಡಂಬಡಿಕೆಯ ಒಂದು ವಚನ ಚೀಟಿ ಎತ್ತಿ ಆರಿಸ್ತಾರೆ, ಅದಕ್ಕೆ ಹೊಂದೋ ಹಾಗೆ ಹೊಸ ಒಡಂಬಡಿಕೆಯಿಂದ ಇನ್ನೊಂದು. ಒಬ್ಬ ಅಜ್ಜಿಗೆ ಕೈ ನಡುಕ, ಪುಟ ತಿರುವೋಕಾಗ್ತಿರ್ಲಿಲ್ಲ, ಬೆಳಿಗ್ಗೆ ಬಿಪಿ ನೋಡೋಕೆ ಹೋದಾಗ ನನ್ನ ಹತ್ರ ಓದಿಸ್ಕೊಳ್ತಿದ್ರು. ನಾನು ತಡವರಿಸ್ತಾ ಓದೋದು, ಅವರು ಕಣ್ಣು ಮುಚ್ಕೊಂಡೇ "ಹಾಗಲ್ಲ, ಮತ್ತೆ ಹೇಳು" ಅಂತ ಉಚ್ಚಾರ ತಿದ್ದೋದು, ಸರಿಯಾಗಿ ಬರೋವರೆಗೂ ಮುಂದಕ್ಕೆ ಬಿಡ್ತಿರ್ಲಿಲ್ಲ, ಬಿಪಿ ಪಟ್ಟಿ ಕೈಗೆ ಸುತ್ಕೊಂಡೇ ಇರ್ತಿತ್ತು. ಕೋಲಾರದ ಸಂಡೇ ಸ್ಕೂಲಲ್ಲಿ ನಾನೇ ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸ್ತಿದ್ದೋಳು, ಇಲ್ಲಿ ಒಂದು ವಚನ ನೆಟ್ಟಗೆ ಓದೋಕೆ ಬೈಸ್ಕೋಬೇಕಾಯ್ತು.

ಇದು ಅವಮಾನ ಅಂತ ಅಂದ್ಕೋಬೇಡ, ಲೆಕ್ಕ ಚುಕ್ತಾ ಅಂತ ಅಂದ್ಕೊ. ನೀನು ಹೋಗ್ತಿರೋ ವುರ್ಟೆಂಬರ್ಗ್ ಸೀಮೆಯಿಂದ್ಲೇ ಮಿಷನರಿ ಮೊಗ್ಲಿಂಗ್ ನಮ್ಮ ಕಡೆ ಬಂದಿದ್ದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಶುರು ಮಾಡಿದೋರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರ್ಕೊಂಡಿದ್ದು ಸ್ಟುಟ್‌ಗಾರ್ಟ್ ಹತ್ರದ ಟ್ಯೂಬಿಂಗನ್‌ನಲ್ಲಿ. ಅವರೂ ಬೆಳೆದು ದೊಡ್ಡೋರಾದ್ಮೇಲೆ ಬಂದು ನಮ್ಮ ಜನರ ಹತ್ರ ಕೂತು ಳ, ಣ ಕಲ್ತೋರೇ ಅಲ್ವಾ.

ಕನ್ನಡ ಚರ್ಚ್ ಬಗ್ಗೆ ಕೇಳಿದ್ಯಲ್ಲ. ನಾನಿರೋ ಕಡೆ ಪ್ರತಿ ವಾರ ಕನ್ನಡ ಆರಾಧನೆ ಇಲ್ಲ. ತಮಿಳು, ಮಲಯಾಳಂ ಕೂಟಗಳಿವೆ, ಇಂಗ್ಲಿಷ್ ಸಭೆಗಳಿವೆ, ಕನ್ನಡದವರು ಸೇರಿದ್ರೆ ಯಾರದಾದ್ರೂ ಮನೇಲಿ ಪ್ರಾರ್ಥನೆ ಆಗುತ್ತೆ, ಆಮೇಲೆ ಚಿತ್ರಾನ್ನ. ಭಾಷೆ ಬರದೆ ಆರಾಧನೆ ಹೇಗೆ ಅಂತ ಚಿಂತೆ ಬೇಡ, ಕೋಲಾರದೋರಿಗೆ ಅದೇನ್ ಹೊಸದಾ, ಮನೇಲಿ ತೆಲುಗು, ಚರ್ಚಲ್ಲಿ ಕನ್ನಡ, ಕೆಜಿಎಫ್ ನೆಂಟರು ಬಂದ್ರೆ ತಮಿಳು. ನಾನು ಹೇಳೋದು ಮೊದಲ ಒಂದು ವರ್ಷ ಹತ್ತಿರದ ಜರ್ಮನ್ ಸಭೆಗೇ ಹೋಗು, ಹಿಂದಿನ ಬೆಂಚಲ್ಲಿ ಕೂತ್ಕೊ. ಯಾಕೆ ಅಂದ್ರೆ ಊರಲ್ಲಿ ನೀನು ಯಾರ ಮಗಳು ಅಂತ ಎಲ್ಲರಿಗೂ ಗೊತ್ತು, ಅಪ್ಪ ಕಮಿಟೀಲಿ, ತಾತನ ಹೆಸರು ಚರ್ಚಿನ ಕಲ್ಲಲ್ಲಿ, ಪಾಸ್ಟರ್ ಅಯ್ಯನವರು ಬಂದ್ರೆ ನಿಮ್ಮ ಮನೇಲೇ ಊಟ. ಅಲ್ಲಿ ನೀನು ಯಾರೂ ಅಲ್ಲ. ಆ ಯಾರೂ ಅಲ್ಲದ ವರ್ಷ ತಪ್ಪಿಸ್ಕೋಬೇಡ. ನಮ್ಮವರ ಸಣ್ಣ ಕೂಟಗಳಲ್ಲಿ ಹೋದ ಮೂರನೇ ವಾರಕ್ಕೇ ಸೆಕ್ರೆಟರಿ ಆಗಿಬಿಡಬಹುದು, ಒಂದು ಕಡೆ ಇಪ್ಪತ್ತು ಜನ ಇಲ್ಲದ ಕೂಟ ಪ್ರಸಂಗ (ಉಪದೇಶ) ಯಾರ್ ಮಾಡ್ಬೇಕು ಅನ್ನೋದಕ್ಕೆ ಎರಡು ಹೋಳಾಯ್ತು, ಈಗ ಇಬ್ಬರೂ ಪ್ರಸಂಗ ಮಾಡ್ತಾರೆ, ಕೇಳೋರಿಲ್ಲ.

ಆರಾಧನೆ ಆದ್ಮೇಲೆ ಕೆಲವು ಭಾನುವಾರ ಕಾಫಿ ಇರುತ್ತೆ. ಓಡಿಹೋಗ್ಬೇಡ. ಮಾತಾಡೋಕೆ ಜರ್ಮನ್ ಸಾಲಲ್ಲ ಅನ್ಸಿದ್ರೆ ನೇರ ಅಡುಗೆಮನೆಗೆ ಹೋಗಿ ಕಪ್ ತೊಳಿ, ಅಲ್ಲಿ ನಾಲ್ಕು ಮಾತು ತಾನಾಗೇ ಬರುತ್ತೆ. ನಮ್ಮ ಸಭೆಯಲ್ಲಿ ಕಮಿಟಿ ಅಧ್ಯಕ್ಷರೇ ಏಪ್ರನ್ ಕಟ್ಕೊಂಡು ಸಿಂಕ್ ಮುಂದೆ ನಿಂತಿರ್ತಾರೆ, ಯಾರೂ ಅದನ್ನ ಫೋಟೋ ತೆಗಿಯಲ್ಲ. ಹಂಗಂತ ಇವರೆಲ್ಲ ದೀನರು, ನಾವು ಅಹಂಕಾರಿಗಳು ಅಂತಲ್ಲ, ಇವರ ಜಂಬ ಬೇರೆ ಥರ: ಹತ್ತು ಗಂಟೆ ಅಂದ್ರೆ ಹತ್ತು, ಕಾಗದದ ಕಸ ಹಾಕೋ ಡಬ್ಬಿಗೆ ಪ್ಲಾಸ್ಟಿಕ್ ಹಾಕಿದ್ರೆ ಪರಲೋಕ ಕೈತಪ್ಪಿ ಹೋದ ಹಾಗೆ ಮುಖ ಮಾಡ್ತಾರೆ.

ಅಮ್ಮನಿಗೆ ಹೇಳು, ನಂಬಿಕೆ ಬಿಟ್ಟೋರೂ ಇದಾರೆ, ಸುಳ್ಳು ಹೇಳಲ್ಲ. ನಾನು ನೋಡಿದ ಮಟ್ಟಿಗೆ ಯಾರೂ ವಾದ ಮಾಡಿ ಬಿಟ್ಟಿಲ್ಲ, ನೈಟ್ ಶಿಫ್ಟ್ ಮುಗಿಸಿ ಭಾನುವಾರ ಮಲಗಿದ್ರು, ಮುಂದಿನ ವಾರವೂ ಮಲಗಿದ್ರು, ಆಮೇಲೆ ಯಾರೂ ಯಾಕ್ ಬಂದಿಲ್ಲ ಅಂತ ಕೇಳ್ಲಿಲ್ಲ. ಊರಲ್ಲಾದ್ರೆ ಸೋಮವಾರ ಬೆಳಿಗ್ಗೇನೇ ಸ್ತ್ರೀ ಸಮಾಜದೋರು ಬಾಗಿಲಲ್ಲಿ ಇರ್ತಿದ್ರು. ನರ್ಸ್ ಕೆಲಸದಲ್ಲಿ ವೀಕೆಂಡ್ ಡ್ಯೂಟಿ ತಪ್ಪಲ್ಲ, ಅದಕ್ಕೆ ರೋಸ್ಟರ್ ಬರೋ ಮುಂಚೆನೇ ಯಾವ ಭಾನುವಾರ ರಜ ಬೇಕು ಅಂತ ಬರೆದು ಕೊಡು, ಕೇಳೋದ್ರಲ್ಲಿ ಸಂಕೋಚ ಬೇಡ, ಸಾಮಾನ್ಯವಾಗಿ ನೋಡಿ ಹೊಂದಿಸ್ತಾರೆ. ಕನ್ನಡ ಬೈಬಲ್ ಫೋನಲ್ಲಿದೆ ಅಂತ ಪುಸ್ತಕ ಬಿಟ್ಟು ಬರ್ಬೇಡ, ಕೀರ್ತನೆ ಪುಸ್ತಕನೂ ಹಾಕ್ಕೊ, ತೂಕ ಜಾಸ್ತಿ ಆದ್ರೆ ಒಂದು ಉಪ್ಪಿನಕಾಯಿ ಬಾಟ್ಲಿ ತೆಗಿ. ಆಸ್ಪತ್ರೆ ಯಾವ ಊರಲ್ಲಿ ಅಂತ ಕನ್ಫರ್ಮ್ ಆದ್ಮೇಲೆ ಹೇಳು, ಹತ್ರದಲ್ಲಿ ಮೆಥಡಿಸ್ಟ್ ಸಭೆ ಎಲ್ಲಿದೆ, ಬಸ್ ಯಾವುದು ಅಂತ ನೋಡಿ ಹೇಳ್ತೀನಿ, ಭಾನುವಾರ ಬಸ್ ಕಮ್ಮಿ.